ರಾಯಚೂರಿನ ಕಲ್ಲುಗುಂಡು: ತೋಪಿನದೋ, ಕವಣೆಯದೋ?

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಕೋಟೆಯ ಹತ್ತಿರ ದುಂಡನೆಯ ಕಲ್ಲು ಸಿಕ್ಕಿತೆಂದರೆ ವಾದ ಶುರು. ತೋಪಿನ ಗುಂಡು ಅನ್ನುವವರು ಕೆಲವರು, ಕವಣೆಯಂತ್ರದ್ದು ಅನ್ನುವವರು ಕೆಲವರು, ಗರಡಿ ಹುಡುಗರು ಎತ್ತುತ್ತಿದ್ದ ಗುಂಡುಕಲ್ಲು ಅನ್ನುವವರು ಇನ್ನು ಕೆಲವರು.

ಕಾಕತೀಯರ ಸೇನಾನಿ ಗೋರೆ ಗನ್ನಯ್ಯ ರೆಡ್ಡಿ ರಾಯಚೂರಿನಲ್ಲಿ ಕೋಟೆ ಕಟ್ಟಿಸಿದ್ದು 1294ರಲ್ಲಿ. ಆಮೇಲೆ ಇನ್ನೂರು ವರ್ಷಕ್ಕೂ ಮೇಲೆ ಎಡೆದೊರೆ ನಾಡಿಗಾಗಿ, ಅಂದರೆ ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ನೆಲಕ್ಕಾಗಿ, ಕಾದಾಟ ನಿಲ್ಲಲೇ ಇಲ್ಲ. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಕೋಟೆ ಆದಿಲಶಾಹಿಗಳ ಕೈಲಿತ್ತು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೊಡುವ ಲೆಕ್ಕ ನೋಡಿ: ಒಳಗೆ 200 ದೊಡ್ಡ ತೋಪು, ಜೊತೆಗೆ ಭಾರಿ ಕಲ್ಲು ಎಸೆಯುವ 30 ಕವಣೆಯಂತ್ರ. ಹಳೆಯದೂ ಹೊಸದೂ ಒಂದೇ ಕೋಟೆಯಲ್ಲಿ, ಒಂದೇ ಕಾಲಕ್ಕೆ! ಹಾಗಿರುವಾಗ ಕಲ್ಲು ದುಂಡಗಿದೆ ಎಂಬುದೊಂದರಿಂದ ತೀರ್ಪು ಕೊಡಲಾಗದು.

ಕಬ್ಬಿಣವಿದ್ದೂ ಕಲ್ಲೇಕೆ? ತೂಕದ ಕಾರಣಕ್ಕೆ. 20 ಸೆಂ.ಮೀ. ಅಡ್ಡಳತೆಯ ಕಣಶಿಲೆಯ (ಗ್ರಾನೈಟ್) ಗುಂಡು ಸುಮಾರು 11 ಕಿಲೊ ತೂಗುತ್ತದೆ. ಅಷ್ಟೇ ಗಾತ್ರದ ಕಬ್ಬಿಣದ ಗುಂಡು 30 ಕಿಲೊ. ಕಬ್ಬಿಣದ ಪಟ್ಟಿಗಳನ್ನು ಸೇರಿಸಿ, ಬಳೆ ತೊಡಿಸಿ ಬೆಸೆದ ಆ ಕಾಲದ ತೋಪುಗಳಿಗೆ ಹಗುರ ಗುಂಡೇ ಕ್ಷೇಮ. ಮದ್ದು ಕಡಿಮೆ ಸಾಕು, ನಳಿಗೆ ಸಿಡಿಯುವ ಭಯವೂ ಕಡಿಮೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲೂ ಕಬ್ಬಿಣದ ಗುಂಡುಗಳ ಜೊತೆ ಕಲ್ಲುಗುಂಡುಗಳಿದ್ದವು.

ಕಷ್ಟವೆಲ್ಲ ಕಲ್ಲುಕುಟಿಗನದು. ಕವಣೆಗೆ ಕಲ್ಲು ಅಂದಾಜಿಗೆ ದುಂಡಗಿದ್ದರೆ ನಡೆಯುತ್ತಿತ್ತು. ತೋಪಿಗೆ ಹಾಗಲ್ಲ, ಬಿಗಿಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಸಡಿಲಾದರೆ ಮದ್ದಿನ ಬಲವೆಲ್ಲ ಸಂದಿಯಿಂದ ಸೋರುತ್ತದೆ. ಒಮ್ಮೆ ಇಂಥ ಗುಂಡೊಂದರ ಮೇಲೆ ಅಂಗೈ ಆಡಿಸಿದ್ದೆ. ಮೈತುಂಬ ಚಾಣದ ಚುಕ್ಕೆ, ಜೋಳದ ಕಾಳು ಒತ್ತಿ ತೆಗೆದ ಹಾಗೆ. ಎಲ್ಲೂ ಏಣು ತಾಕಲಿಲ್ಲ. ಅದನ್ನು ಕೆತ್ತಿದವನಿಗೆ ಎಷ್ಟು ದಿನ ಹಿಡಿದಿರಬೇಕು!

ಎರಕದ ಕಬ್ಬಿಣದ ಗುಂಡು ಅಗ್ಗವಾದಂತೆ ಈ ಕಸುಬು ಸೊರಗಿತು. 1790ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಟಿಪ್ಪುವಿನ ಕೊಪ್ಪಳ ಕೋಟೆಗೆ ಮುತ್ತಿಗೆ ಹಾಕುವ ಹೊತ್ತಿಗೆ ಕಬ್ಬಿಣದ್ದೇ ಕಾಲ.

1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕೆತ್ತನೆಯೂ ಪುರಾವಸ್ತುವೇ. ಆದರೂ ಗುಂಡುಗಳು ಜಾಗ ಬಿಟ್ಟು ಕದಲುತ್ತವೆ. ಗೇಟಿನ ಪಕ್ಕ ಅಲಂಕಾರಕ್ಕೆ ಕೂರುತ್ತವೆ, ಸುಣ್ಣ ಬಳಿಸಿಕೊಳ್ಳುತ್ತವೆ. ಯಾವ ಬುರುಜಿನ ಕೆಳಗೆ ಸಿಕ್ಕಿತು ಎಂಬುದು ಗೊತ್ತಿದ್ದರೆ ಮೇಲಿನ ತೋಪಿನ ಬಾಯಿಗೆ ಅಳತೆ ಹಿಡಿದು ನೋಡಬಹುದಿತ್ತು. ಎತ್ತಿ ತರುವ ಮುಂಚೆ ಒಂದು ಟೇಪು, ಒಂದು ಫೋಟೊ, ಬುರುಜಿನ ಹೆಸರು ಬರೆದ ಒಂದು ಚೀಟಿ ಇಷ್ಟಿದ್ದರೆ ಸಾಕಿತ್ತು.