ಡಿಫೆಕ್ಟಿವ್ ನಂಬರ್ ಪ್ಲೇಟ್ ಅಂದ್ರೆ ಮುರ್ದೋಗಿರೋ ಪ್ಲೇಟ್ ಅಲ್ಲ

ಹೋದ ತಿಂಗಳು ಮಂಡ್ಯದಲ್ಲಿ ನನ್ ಭಾಮೈದನ ಕಾರಿಗೆ 500 ರೂಪಾಯಿ ಫೈನ್ ಬಿತ್ತು. ಚಲನ್‌ನಲ್ಲಿ ತಪ್ಪು ಏನು ಅನ್ನೋ ಕಡೆ "ಡಿಫೆಕ್ಟಿವ್ ನಂಬರ್ ಪ್ಲೇಟ್" ಅಂತ ಇತ್ತು. ಅವನಿಗೆ ಫೈನ್ ಕಟ್ಟಿದ್ದಕ್ಕಿಂತ ಆ ಪದ ನೋಡಿ ಜಾಸ್ತಿ ಉರಿ, ಯಾಕಂದ್ರೆ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡು ಪೂಜೆ ಮಾಡ್ಸಿದ ವಾರಕ್ಕೇ 1800 ಕೊಟ್ಟು ಕರೀ ಅಕ್ರಿಲಿಕ್ ಮೇಲೆ ಬೆಳ್ಳಿ ಬಣ್ಣದ ಉಬ್ಬು ಅಕ್ಷರ ಕೂರ್ಸಿದ್ದ, ಅದೂ ಕೈಬರಹದ ಥರ ಬಳುಕೋ ಅಕ್ಷರ. "ಬಾವ, ಒಂದ್ ಗೀರಿಲ್ಲ, ಒಂದ್ ಸ್ಕ್ರೂ ಲೂಸಿಲ್ಲ, ಹೊಸಾ ಪ್ಲೇಟು. ಡಿಫೆಕ್ಟ್ ಎಲ್ಲೈತೆ ಹೇಳಿ ನೀವೇ" ಅಂತ ರಾತ್ರಿ ಹತ್ತು ಗಂಟೇಲಿ ಫೋನು.

ಸರ್ಕಲಲ್ಲಿ ನಡ್ದಿದ್ದನ್ನ ಅವನೇ ಹೇಳ್ದ. ಹಿಡ್ದ ಪೊಲೀಸ್ನೋರು ಜಗಳ ಏನೂ ಆಡ್ಲಿಲ್ವಂತೆ. ಕಾರಿಂದ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಕರ್ಕೊಂಡೋಗಿ "ಈಗ ಓದಿ ಸಾರ್" ಅಂದ್ರಂತೆ. ಇವನಿಗೆ ಬಾಯಿಪಾಠ ಅಲ್ವಾ, ಗಡಗಡ ಓದ್ಬಿಟ್ಟ. ಆಮೇಲೆ ಅವ್ರು ಪಕ್ಕದಲ್ಲೇ ಕಬ್ಬಿನ ಹಾಲಿನ ಗಾಡಿ ಇಟ್ಕೊಂಡಿದ್ದ ಹುಡುಗನ್ನ ಕರ್ದು ನೀನ್ ಓದಪ್ಪ ಅಂದ್ರೆ, ಆ ಹುಡುಗ ಕಣ್ಣು ಕಿರಿದು ಮಾಡ್ಕೊಂಡು 3ನ್ನ 8 ಅಂದ, ಜಿ ಇದ್ದಿದ್ದನ್ನ ಸಿ ಅಂದ, ಕೊನೇ ನಂಬರ್ ಹತ್ರ ಬಂದು "ಅದೇನೋ ಡಿಸೈನು ಸಾ" ಅಂದ. ಚಲನ್ ಮಿಷಿನ್ ಆಚೆ ಬಂತು. ಪೊಲೀಸ್ನೋರು ಬರೀತಾ ಹೇಳಿದ್ದು ಒಂದೇ ಮಾತು, "ಪ್ಲೇಟ್ ಚೆನ್ನಾಗೈತೆ, ನಂಬರ್ರೇ ಇಲ್ಲ."

ಈ ಪದದ ಅರ್ಥ ಆ ಒಂದು ಮಾತಲ್ಲೇ ಇದೆ. ಡಿಫೆಕ್ಟಿವ್ ಅಂದ ತಕ್ಷಣ ನಾವು ಮುರ್ದಿರೋದು, ಬಣ್ಣ ಹೋಗಿರೋದು ಅನ್ಕೋತೀವಿ. ಕನ್ನಡದಲ್ಲಿ ದೋಷಪೂರಿತ ನಂಬರ್ ಫಲಕ ಅಂತಾರೆ, ಅದು ಕೇಳಿದ್ರೂ ಪ್ಲೇಟಿಗೇ ಏನೋ ಕಾಯಿಲೆ ಬಂದಿರೋ ಥರ ಇರುತ್ತೆ. ಆದ್ರೆ ಇಲ್ಲಿ ದೋಷ ಅಂದ್ರೆ ರೂಲ್ಸಲ್ಲಿರೋ ಅಳತೆ, ಬಣ್ಣ, ಅಕ್ಷರದ ಆಕಾರಕ್ಕೆ ತಾಳೆ ಆಗ್ದೆ ಇರೋದು. ಸಂತೇಲಿ ತಕ್ಕಡಿ ಇಟ್ಕೊಂಡಿರೋನು ಫಳಫಳ ಹೊಳೆಯೋ ಹಿತ್ತಾಳೆ ಬಟ್ಟು ಮಾಡ್ಸಿ ತಂದಿದಾನೆ ಅನ್ಕೊಳ್ಳಿ, ಸರ್ಕಾರದ ಮುದ್ರೆ ಇಲ್ಲ ಅಂದ್ರೆ ಅದು ಎಷ್ಟೇ ಚೆಂದ ಇದ್ರೂ ತೂಕಕ್ಕೆ ಬರಲ್ಲ. ಪ್ಲೇಟೂ ಅಷ್ಟೇ. ಕಾರು ನಿಮ್ದು, ಬಂಪರ್ ನಿಮ್ದು, ಆದ್ರೆ ಆ ನಂಬರ್ ಆರ್‌ಟಿಓ ಕೊಟ್ಟಿರೋದು, ಅದನ್ನ ಹೆಂಗ್ ಬರೀಬೇಕು ಅನ್ನೋದೂ ಅವ್ರದ್ದೇ.

ಆ ಹೆಂಗೆ ಅನ್ನೋದು ಇರೋದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೇ ನಿಯಮದಲ್ಲಿ. 50ರಲ್ಲಿ ಪ್ಲೇಟು ಎಲ್ಲಿ, ಯಾವ ಬಣ್ಣದಲ್ಲಿ, ಯಾವ ಭಾಷೇಲಿ ಇರ್ಬೇಕು ಅಂತ, 51ರಲ್ಲಿ ಅಕ್ಷರದ ಅಳತೆ. ಕಾರಿಗಾದ್ರೆ ಅಕ್ಷರ 65 ಮಿಲಿಮೀಟರ್ ಎತ್ತರ, ಗೆರೆ 10 ಮಿಲಿಮೀಟರ್ ದಪ್ಪ, ಅಕ್ಷರ ಅಕ್ಷರದ ನಡುವೆ 10 ಮಿಲಿಮೀಟರ್ ಜಾಗ. ನಮ್ ಕಡೆ ಕೆಲವು ದೊಡ್ಡ ಕಾರುಗಳಲ್ಲಿ ನೋಡಿರ್ತೀರಾ, ಕೆಎ 11 ಅನ್ನೋದು ಇರುವೆ ಸಾಲಿನಷ್ಟು ಸಣ್ಣಕ್ಕೆ, ಕೊನೇ ಒಂದು ಅಂಕಿ ಮಾತ್ರ ಗಣೇಶನ ಹಬ್ಬದ ಬ್ಯಾನರ್ ಥರ. ಅದು ಡಿಫೆಕ್ಟಿವ್. ನಂಬರ್ ಜೊತೆ ದೇವ್ರ ಫೋಟೋ, ಜಾತಿ ಹೆಸರು, ಬಾಸ್ ಹೆಸರು, ಸಂಘದ ಲೋಗೋ ಸೇರ್ಸಿದ್ರೂ ಡಿಫೆಕ್ಟಿವ್. ಗದ್ದೆ ಬದೀಲಿ ಓಡಾಡಿ ಕೆಸರು ಮೆತ್ಕೊಂಡು ನಂಬರ್ ಕಾಣದೆ ಹೋದ್ರೂ ಹಿಡ್ಕೊಳ್ಬಹುದು, ಅದಕ್ಕೆ ಒಂದ್ ಚೊಂಬು ನೀರು ಸಾಕು ಬಿಡಿ.

ಬಣ್ಣದ ವಿಷ್ಯಕ್ಕೆ ಬಂದ್ರೆ ಸ್ವಂತ ಗಾಡಿಗೆ ಬಿಳೀ ಪ್ಲೇಟು ಕರೀ ಅಕ್ಷರ, ಟ್ಯಾಕ್ಸಿ ಲಾರಿಗೆ ಹಳದಿ ಮೇಲೆ ಕಪ್ಪು, ಎಲೆಕ್ಟ್ರಿಕ್ ಗಾಡಿಗೆ ಹಸಿರು. ಕರೀ ಪ್ಲೇಟೂ ಇದೆ, ಆದ್ರೆ ಕಪ್ಪಿನ ಮೇಲೆ ಹಳದಿ ಅಕ್ಷರ, ಅದು ನಾವೇ ಓಡಿಸ್ಕೊಂಡು ಹೋಗೋಕೆ ಬಾಡಿಗೆಗೆ ಕೊಡೋ ಕಾರುಗಳಿಗೆ. ಅಂದ್ರೆ ನಮ್ ಭಾಮೈದ 1800 ಕೊಟ್ಟು ಸ್ವಂತ ಕಾರನ್ನ ದೂರದಿಂದ ನೋಡೋರಿಗೆ ಬಾಡಿಗೆ ಕಾರ್ ಥರ ಮಾಡ್ಕೊಂಡಿದ್ದ. ಇದನ್ನ ಹೇಳಿದ್ಮೇಲೆ ಎರಡ್ ದಿನ ಫೋನ್ ಎತ್ಲಿಲ್ಲ ಪುಣ್ಯಾತ್ಮ.

ಇಲ್ಲಿ ಇನ್ನೊಂದು ಗೊಂದ್ಲ ಇದೆ, ಫ್ಯಾನ್ಸಿ ನಂಬರ್ ಬೇರೆ ಫ್ಯಾನ್ಸಿ ಪ್ಲೇಟ್ ಬೇರೆ. ಆರ್‌ಟಿಓಲಿ ದುಡ್ಡು ಕಟ್ಟಿ, ಹರಾಜಲ್ಲಿ ಕೂಗಿ 0009 ಅಂತಲೋ 9999 ಅಂತಲೋ ತಗೊಳ್ಳೋದು ಫ್ಯಾನ್ಸಿ ನಂಬರ್, ಅದು ಪೂರ್ತಿ ಕಾನೂನು ಪ್ರಕಾರವೇ, ಸರ್ಕಾರವೇ ಮಾರ್ತಿದೆ. ಆ ನಂಬರ್‌ನ ಬೇರೆ ರೂಪದಲ್ಲಿ ಬರ್ಸೋದು ಫ್ಯಾನ್ಸಿ ಪ್ಲೇಟ್, ಅದಕ್ಕೆ ಫೈನು. 8055 ಇದಕ್ಕೆ ಒಳ್ಳೇ ಉದಾಹರಣೆ. ನಂಬರ್ ತಗೊಂಡಿದ್ದು ತಪ್ಪಲ್ಲ. ಆದ್ರೆ 8ನ್ನ ಬಿ ಥರ, ಸೊನ್ನೆನ ಓ ಥರ, ಎರಡು 5ನ್ನ ಎಸ್ ಥರ ತಿರುಚಿ ಬಾಸ್ ಅಂತ ಓದೋ ಹಂಗೆ ಬರೆಸಿದ್ರೆ ಅಲ್ಲಿಗೆ ಅದು ಡಿಫೆಕ್ಟಿವ್ ಆಯ್ತು. ಕೋಟಿ ರೂಪಾಯಿ ಕಾರು ತಗೊಂಡು ಹರಾಜಲ್ಲಿ ನಂಬರ್ ಹಿಡಿದವ್ನೂ ಐನೂರು ರೂಪಾಯಿ ಚಲನ್‌ಗೆ ನಿಲ್ಬೇಕಾಗುತ್ತೆ, ಸಮಾನತೆ ಅಂದ್ರೆ ಇದೇ ಇರ್ಬೇಕು.

ಅಕ್ಷರದ ಮೇಲೆ ಯಾಕಿಷ್ಟು ಹಟ ಅಂದ್ರೆ, ಈಗ ನಂಬರ್ ಓದೋದು ಬರೀ ಮನುಷ್ಯರಲ್ಲ. ಮೈಸೂರು ಬೆಂಗಳೂರು ಹೈವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ಕ್ಕೆ, ಆಮೇಲೆ ಅಲ್ಲಿ ಸ್ಪೀಡ್ ಹಿಡಿಯೋ ಕ್ಯಾಮೆರಾಗಳು ಬಂದ್ವು, ಮೈಸೂರ್ ಸಿಟಿ ಸಿಗ್ನಲ್‌ಗಳಲ್ಲೂ ಬಂದ್ವು. ಕ್ಯಾಮೆರಾ ಫೋಟೋ ಹೊಡ್ದು, ಅದ್ರಲ್ಲಿ ಪ್ಲೇಟು ಎಲ್ಲಿದೆ ಅಂತ ಹುಡ್ಕಿ, ಒಂದೊಂದು ಅಕ್ಷರ ಬೇರೆ ಮಾಡಿ ಓದುತ್ತೆ. ಅದು ಎಡವೋದೇ 8 ಮತ್ತೆ ಬಿ, ಸೊನ್ನೆ ಮತ್ತೆ ಓ, 5 ಮತ್ತೆ ಎಸ್ ಹತ್ರ. ಅಂದ್ರೆ ಫ್ಯಾನ್ಸಿ ಪ್ಲೇಟಿನವರು ಬೇಕು ಅಂತ ಎಲ್ಲಿ ಆಟ ಆಡ್ತಾರೋ ಮಿಷಿನ್ ಕಣ್ಣು ಮಂಜಾಗೋದು ಸರಿಯಾಗಿ ಅಲ್ಲೇ. ಒಂದ್ ಅಕ್ಷರ ತಪ್ಪು ಓದಿದ್ರೆ ನೀವು ಮದ್ದೂರ್ ಹತ್ರ 130ರಲ್ಲಿ ಹೋಗಿದ್ದಕ್ಕೆ ನೋಟಿಸು ಹುಣಸೂರಲ್ಲಿ ಮನೆ ಮುಂದೆ ಕಾರ್ ನಿಲ್ಸಿರೋ ಯಾರೋ ಮೇಷ್ಟ್ರಿಗೆ ಹೋಗ್ಬಹುದು. ಇನ್ನು ಆ ಕರೀ ಅಕ್ರಿಲಿಕ್ ಇದೆಯಲ್ಲ, ರಾತ್ರಿ ಹೊತ್ತು ಲೈಟ್ ಬಿಟ್ರೂ ಹೊಳೆಯಲ್ಲ. ಸರಿಯಾದ ಪ್ಲೇಟಿನ ಹಾಳೆ ರೇಡಿಯಂ ಥರ ಬೆಳಕನ್ನ ಬಂದ ಕಡೆಗೇ ವಾಪಸ್ ಕಳಿಸುತ್ತೆ. ಕತ್ತಲಲ್ಲಿ ಗುದ್ದಿ ಓಡೋಗೋನ ನಂಬರ್ ಹಿಂದೆ ಬರೋರಿಗೆ ಕಾಣ್ಬೇಕಾದ್ರೆ ಅದೇ ದಾರಿ.

ಈಗ ಮಂಡ್ಯದೋರಿಗೆ ಕಷ್ಟದ ವಿಷ್ಯ. ಕನ್ನಡದಲ್ಲಿ ಬರ್ಸಿದ್ರೆ? ಕೆಎ ೧೧ ಅಂತ, ಅಳತೆ ಎಲ್ಲಾ ಕರೆಕ್ಟಾಗಿ, ಬಿಳೀ ಮೇಲೆ ಕಪ್ಪಲ್ಲೇ? ಆಗ್ಲೂ ಡಿಫೆಕ್ಟಿವ್. ನಿಯಮದಲ್ಲಿ ಅಕ್ಷರ ಇಂಗ್ಲಿಷಲ್ಲಿ, ಅಂಕಿ ನಾವು ದಿನಾ ಬರೆಯೋ 1, 2, 3ರಲ್ಲಿ ಇರ್ಬೇಕು ಅಂತಾನೇ ಇದೆ. ನಮ್ಮೂರ್ ಕಡೆ ಹುಡುಗ್ರು ಇದಕ್ಕೆ ಸಿಟ್ಟಾಗ್ತಾರೆ, ನಂಗೂ ಮನಸಲ್ಲಿ ಸ್ವಲ್ಪ ಚುರುಕ್ ಅನ್ನುತ್ತೆ, ಕರ್ನಾಟಕದ ಗಾಡಿ ಮೇಲೆ ಕನ್ನಡ ತಪ್ಪು ಅಂದ್ರೆ ಯಾರಿಗ್ ತಾನೇ ಅನ್ಸಲ್ಲ. ಆದ್ರೆ ಅದೇ ಗಾಡಿ ಗುಂಡ್ಲುಪೇಟೆ ದಾಟಿ ಊಟಿಗೋ ವಯನಾಡಿಗೋ ಹೋಗಿ ಅಲ್ಲಿ ಯಾರಿಗಾದ್ರೂ ತಗುಲ್ಸಿ ಬಂದ್ರೆ ಆ ಊರಿನೋರು ನಂಬರ್ ಓದ್ಬೇಕಲ್ಲ. ತಮಿಳು ಅಂಕಿಲಿರೋ ಗಾಡಿ ಮೈಸೂರಲ್ಲಿ ನಮ್ ಅಜ್ಜಿಗೆ ಗುದ್ದಿ ಹೋದ್ರೆ ನಾನು ಸ್ಟೇಷನ್ನಲ್ಲಿ ಏನಂತ ಬರ್ಸ್ಲಿ? ಹಂಗ್ ಯೋಚ್ನೆ ಮಾಡಿದ್ಮೇಲೆ ನನ್ ಸಿಟ್ಟು ಇಳೀತು, ನಿಮ್ದು ಇಳೀದಿದ್ರೆ ನಾನೇನ್ ಜಗಳಕ್ಕೆ ಬರಲ್ಲ.

ಎಚ್‌ಎಸ್‌ಆರ್‌ಪಿ, ಅಂದ್ರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬಂದ್ಮೇಲೆ ಈ ಡಿಫೆಕ್ಟಿವ್ ಅನ್ನೋ ಪದದ ಅರ್ಥ ಇನ್ನೂ ಬಿಗಿಯಾಯ್ತು. ಅದು ನಿಯಮಕ್ಕೆ ಸೇರಿದ್ದು 2001ರಲ್ಲೇ. ಹೊಸ ಗಾಡಿಗಳಿಗೆ ಕಂಪನಿಯಿಂದಲೇ ಹಾಕ್ಕೊಂಡು ಬರೋದು ಶುರು ಆಗಿದ್ದು 2019ರ ಏಪ್ರಿಲ್ 1ರಿಂದ. ಅದಕ್ಕಿಂತ ಹಳೇ ಗಾಡಿಗಳೂ ಹಾಕಿಸ್ಬೇಕು ಅಂತ ನಮ್ ರಾಜ್ಯದಲ್ಲಿ ಆದೇಶ ಬಂದಿದ್ದು 2023ರ ಆಗಸ್ಟಲ್ಲಿ, ಕೊನೇ ದಿನ ಅದೇ ವರ್ಷ ನವೆಂಬರ್ 17 ಅಂದ್ರು, ಆಮೇಲೆ 2024ರ ಫೆಬ್ರವರಿ 17 ಅಂದ್ರು, ಆಮೇಲೆ ಮೇ 31 ಅಂದ್ರು, ಆಮೇಲೂ ಮುಂದಕ್ಕೆ ಹೋಯ್ತು. ಈ ಕೊನೇ ದಿನ ಅನ್ನೋ ಪದಕ್ಕೂ ಒಂದು ಪರಿಚಯ ಬರೀಬೇಕು ಯಾವಾಗಾದ್ರೂ.

ಅಸಲಿ ಎಚ್‌ಎಸ್‌ಆರ್‌ಪಿ ಹೆಂಗಿರುತ್ತೆ ಅಂದ್ರೆ ಅಲ್ಯೂಮಿನಿಯಂ ತಗಡು, ಎಡಗಡೆ ಮೇಲೆ 20 ಮಿಲಿಮೀಟರ್ ಚೌಕದಲ್ಲಿ ಅಶೋಕ ಚಕ್ರದ ಹಾಲೋಗ್ರಾಂ, ಅದರ ಕೆಳಗೆ ನೀಲೀಲಿ ಐಎನ್‌ಡಿ ಅನ್ನೋ ಮೂರಕ್ಷರ, ಅಲ್ಲೇ ಲೇಸರಲ್ಲಿ ಕೆತ್ತಿರೋ ಒಂದು ಗುರುತಿನ ನಂಬರು. ಉಬ್ಬಿರೋ ಕಪ್ಪು ಅಕ್ಷರಗಳನ್ನ ಓರೆಯಾಗಿ ಹಿಡ್ದು ನೋಡಿ, ಅದರೊಳಗೆ ಅಡ್ಡಡ್ಡ ಇಂಡಿಯಾ ಇಂಡಿಯಾ ಅಂತ ಸಣ್ಣಕ್ಕೆ ಕಾಣುತ್ತೆ. ಕೂರ್ಸೋದು ಸ್ಕ್ರೂ ಅಲ್ಲ, ಸ್ನ್ಯಾಪ್ ಲಾಕ್, ಒಂದ್ಸಲ ಟಕ್ ಅಂದ್ರೆ ಮುರೀದೆ ಬಿಚ್ಚೋಕಾಗಲ್ಲ. ಸ್ಟಿಕರ್ ಅಂಗಡಿಲಿ ಐಎನ್‌ಡಿ ಅಂತ ನೀಲಿ ಅಂಟಿಸಿ ಇದೂ ಅದೇ ಸಾ ಅಂತ ಕೊಡೋದಕ್ಕೆ ಇದ್ಯಾವುದೂ ಇರಲ್ಲ, ಆ ಲೇಸರ್ ನಂಬರ್ ನಿಮ್ ಗಾಡಿ ದಾಖಲೆ ಜೊತೆ ಕಂಪ್ಯೂಟರಲ್ಲಿ ಸೇರಿರ್ಬೇಕಲ್ಲ, ಅದನ್ನ ಅಂಗಡಿಯವ್ನು ಎಲ್ಲಿಂದ ತರ್ತಾನೆ. ಅಸಲಿ ಪ್ಲೇಟ್ ಹಾಕ್ಸಿ ಅದರ ಮೇಲೆ ಚೆಂದಕ್ಕೆ ಅಂತ ಕ್ರೋಮ್ ಫ್ರೇಮ್ ಹಾಕಿ ಚಕ್ರ ಮುಚ್ಚೋರೂ ಇದಾರೆ, ಅವ್ರಿಗೆ ಏನ್ ಹೇಳೋದು.

ಫೈನ್ ಬೀಳೋದು ಮೋಟಾರು ವಾಹನ ಕಾಯ್ದೆ 177ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿ ಆದ್ಮೇಲೆ ಕಾಯ್ದೇಲಿ ಮೊದಲ ಸಲಕ್ಕೆ 500, ಮತ್ತೆ ಮಾಡಿದ್ರೆ 1500 ಅಂತ ಇದೆ. ಚಲನ್ ಕಟ್ಟಿದ ರಸೀತಿ ಜೇಬಲ್ಲಿದೆ ಅಂತ ಅದೇ ಪ್ಲೇಟಲ್ಲಿ ತಿಂಗಳೆಲ್ಲಾ ಓಡಾಡೋ ಹಂಗಿಲ್ಲ, ಅದು ಸಿನಿಮಾ ಟಿಕೆಟ್ ಅಲ್ಲ. ಕೆಲವ್ರು ಕಟ್ಟದೇ ಕಾಯ್ತಾರೆ, 2023ರ ಫೆಬ್ರವರಿಲಿ ಬಾಕಿ ಫೈನ್‌ಗಳಿಗೆ ಅರ್ಧ ರಿಯಾಯಿತಿ ಕೊಟ್ಟಿದ್ರಲ್ಲ, ಆಷಾಢದ ಸೀರೆ ಸೇಲ್‌ಗೆ ಕಾಯೋ ಹಂಗೆ ಅದಕ್ಕೆ ಕಾಯೋದು. ಆದ್ರೆ ಇದೆಲ್ಲಾ ಶೋಕಿ ಮಾಡಿ ಸಿಕ್ಕಾಕ್ಕೊಂಡೋರ ಕಥೆ. ಬೇಕಂತ್ಲೇ ಒಂದಂಕಿಗೆ ಟೇಪ್ ಅಂಟಿಸೋದು, ಪ್ಲೇಟ್ ಮೇಲಕ್ಕೆ ಮಡಚೋದು, ಇನ್ಯಾರದ್ದೋ ಗಾಡಿ ನಂಬರ್ ಹಾಕ್ಕೊಳ್ಳೋದು, ಇದಕ್ಕೆ ಡಿಫೆಕ್ಟಿವ್ ಅನ್ನೋದು ತೀರಾ ಮರ್ಯಾದೆಯ ಪದ ಆಯ್ತು. ಅದು ಮೋಸ, ಕೇಸೂ ಆ ಲೆಕ್ಕದಲ್ಲೇ ಬೀಳುತ್ತೆ.

ಭಾಮೈದ ಕೊನೆಗೂ ಎಚ್‌ಎಸ್‌ಆರ್‌ಪಿ ಬುಕ್ ಮಾಡ್ದ, ಶೋರೂಮಲ್ಲಿ ಕೂರ್ಸೋಕೆ ಹತ್ತು ನಿಮಿಷ ಹಿಡೀಲಿಲ್ಲ. ಅಕ್ರಿಲಿಕ್ ಪ್ಲೇಟ್ ತಗೊಂಡು ಅರ್ಧ ದುಡ್ಡಾದ್ರೂ ವಾಪಸ್ ಕೇಳಣ ಅಂತ ಆ ಸ್ಟಿಕರ್ ಅಂಗಡಿಗೆ ಹೋದ. ಅಂಗಡಿಯವ್ನು "ಮಾಡೋವಾಗ ನೀವೇ ಕೇಳಿದ್ದಲ್ವಾ ಸಾ" ಅಂದ, ದುಡ್ಡು ಕೊಡ್ಲಿಲ್ಲ. ಆಚೆ ಬಂದು ನೋಡಿದ್ರೆ ಬಾಗಿಲಲ್ಲಿ ಅಂಗಡಿಯವ್ನ ಸ್ಕೂಟರ್ ನಿಂತಿತ್ತಂತೆ, ಹಿಂದೆ ಮುಂದೆ ಎರಡೂ ಕಡೆ ಅಸಲಿ ಎಚ್‌ಎಸ್‌ಆರ್‌ಪಿ, ಒಂದ್ ಚೂರು ಧೂಳಿಲ್ದಂಗೆ ಒರೆಸಿಟ್ಟಿದ್ದ.