ಕೆಜಿಎಫ್ ಬಂಗಲೆಯ ತೂಗುಕುರ್ಚಿ: ಹಳೆಯದೋ, ಹಳತು ಮಾಡಿದ್ದೋ?

ಪ್ರಶ್ನೆ: ಬಂಗಾರಪೇಟೆಯಲ್ಲಿ ಒಬ್ಬರು ಕೆತ್ತನೆ ಕೆಲಸದ ರಾಕಿಂಗ್ ಚೇರ್ ಮಾರಾಟಕ್ಕಿಟ್ಟಿದ್ದಾರೆ. ಕೆಜಿಎಫ್ ದೊರೆಗಳ ಬಂಗಲೆಯದಂತೆ, ಬೀಟೆ ಮರದ್ದಂತೆ, 120 ವರ್ಷ ಹಳೆಯದಂತೆ. ನಂಬಬಹುದೇ?

ಮೊದಲು ಬಂಗಲೆಯ ಕಥೆಯನ್ನು ಪಕ್ಕಕ್ಕಿಡಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿನ ಗಣಿಗಾರಿಕೆ ಕೈಗೆತ್ತಿಕೊಂಡಿತು, ಗಣಿ ಮುಚ್ಚಿದ್ದು 2001ರಲ್ಲಿ. ಅಷ್ಟು ಕಾಲ ಸಾಹೇಬರ ಬಂಗಲೆಗಳು ಇದ್ದವು, ಅವುಗಳಲ್ಲಿ ಕುರ್ಚಿಗಳೂ ಇದ್ದವು. ಅದಕ್ಕೇ ಈಗ ಕೋಲಾರ ಸೀಮೆಯ ಹಳೇ ಕುರ್ಚಿಗಳಿಗೆಲ್ಲ ಅದೇ ತವರುಮನೆ! ಹಳೆಯ ರಸೀದಿಯೋ ಫೋಟೋವೋ ಇಲ್ಲದಿದ್ದರೆ ಆ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಕುರ್ಚಿಯನ್ನು ಮಗುಚಿ ಹಾಕಿ. ನೆಲಕ್ಕೆ ತಾಗುವ ಬಾಗಿದ ಪಟ್ಟಿಗಳ ಅಡಿಭಾಗ ಸುಳ್ಳು ಹೇಳುವುದಿಲ್ಲ. ವರ್ಷಗಟ್ಟಲೆ ತೂಗಿದ ಕುರ್ಚಿಯಲ್ಲಿ ಪಟ್ಟಿಯ ನಡುಭಾಗ ಸವೆದು ಚಪ್ಪಟೆಯಾಗಿರುತ್ತದೆ, ಅಲ್ಲಿ ಪಾಲಿಶ್ ಹೋಗಿರುತ್ತದೆ, ಮರಳಿನ ಕಣ ಒತ್ತಿದ ಸಣ್ಣ ಗುಳಿಗಳಿರುತ್ತವೆ. ಎರಡು ತುದಿಗಳು ಮಾತ್ರ ಅಷ್ಟು ಸವೆದಿರುವುದಿಲ್ಲ. ಹಾಗೆಯೇ ಕೈಹಿಡಿಯ ಮುಂತುದಿ, ಅಂಗೈ ಕೂರುವ ಜಾಗ, ನುಣುಪಾಗಿರಬೇಕು. ಮೈಯೆಲ್ಲ ಒಂದೇ ಸಮ ಸವೆದು ಒಂದೇ ಸಮ ಕಪ್ಪಾಗಿದ್ದರೆ ಅದು ಕಾಲ ಮಾಡಿದ ಕೆಲಸವಲ್ಲ, ಉಪ್ಪುಕಾಗದ ಮತ್ತು ಬಣ್ಣದ ಡಬ್ಬಿ ಮಾಡಿದ ಕೆಲಸ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಒಂದೆರಡಿದ್ದರೆ ರಿಪೇರಿ ಅನ್ನಿ, ಎಲ್ಲವೂ ಅವೇ ಆಗಿದ್ದರೆ ‘120 ವರ್ಷ’ದ ಮಾತು ಮರೆತುಬಿಡಿ.

ಕೆತ್ತನೆಯನ್ನು ನೋಡಲು ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೈಕೆಲಸವಾದರೆ ಎಡದ ಎಲೆಗೂ ಬಲದ ಎಲೆಗೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಹೂಬಳ್ಳಿಯ ಹಿಂದಿನ ತಗ್ಗಿನಲ್ಲಿ ಉಳಿಯ ಏಟುಗಳು ಕಾಣುತ್ತವೆ, ಒಳ್ಳೆಯ ಕೆಲಸದಲ್ಲಿ ದಳದ ಅಂಚಿನ ಕೆಳಗೂ ಉಳಿ ಹೊಕ್ಕಿರುತ್ತದೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರದ್ದಾದರೆ ಎರಡು ಬದಿಯೂ ಅಚ್ಚೊತ್ತಿದಂತೆ ಒಂದೇ, ಒಳಮೂಲೆಗಳು ದುಂಡಗೆ, ತಗ್ಗಿನಲ್ಲಿ ಸಾಲಾಗಿ ಸಣ್ಣ ಗೆರೆಗಳು. ಅನುಮಾನ ಉಳಿದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಗೆ ಫೋಟೋ ತೋರಿಸಿ. ಅವರದು ಹೆಚ್ಚಾಗಿ ಕಲ್ಲಿನ ಕೆಲಸ, ಆದರೆ ಉಳಿ ಏಟು ಯಾವುದು, ಯಂತ್ರ ಯಾವುದು ಅನ್ನುವುದು ಆ ಕಣ್ಣಿಗೆ ಚೆನ್ನಾಗಿ ಗೊತ್ತು.

ಬೀಟೆ ತೂಕದ ಮರ, ಕಂದುಬಣ್ಣದಲ್ಲಿ ನೇರಳೆ ಛಾಯೆಯ ಕಪ್ಪು ಎಳೆಗಳಿರುತ್ತವೆ. ಮಾರುವವರ ಒಪ್ಪಿಗೆ ಕೇಳಿ, ಸೀಟಿನ ಅಡಿಯಲ್ಲಿ ಉಗುರಿನಷ್ಟು ಕೆರೆದು ನೋಡಿ. ಒಳಗೆ ಬಿಳಿಚಿಕೊಂಡಿದ್ದರೆ ಬಣ್ಣ ಬಳಿದ ಬೇರೆ ಮರ. ಕೆತ್ತನೆಯೇ ಇಲ್ಲದೆ ಬಳ್ಳಿಯಂತೆ ಬಳುಕಿದ ಕುರ್ಚಿಯಾದರೆ ಅದರ ಜಾತಿಯೇ ಬೇರೆ. ಬೀಚ್ ಮರವನ್ನು ಹಬೆಯಲ್ಲಿ ಬಗ್ಗಿಸಿ ಮಾಡುವ ಆ ಮಾದರಿಯನ್ನು ವಿಯೆನ್ನಾದ ಥೋನೆಟ್ ಕಂಪನಿ 1860ರ ಸುಮಾರಿಗೆ ತಂದಿತು, ಅದರ ನಕಲುಗಳು ಲೆಕ್ಕವಿಲ್ಲದಷ್ಟಿವೆ.

ಸೀಟಿನ ಬೆತ್ತವನ್ನು ಹೊಸದಾಗಿ ಹೆಣೆಸಿದ್ದರೆ ಅದು ದೋಷವಲ್ಲ. ಪ್ಲಾಸ್ಟಿಕ್ ವೈರ್ ಹಾಕಿಸಿದ್ದರೆ ಚೌಕಾಸಿ ಮಾಡಿ. ಬಾಗಿದ ಪಟ್ಟಿಯಲ್ಲೇ ಬಿರುಕಿದ್ದರೆ ಮಾತ್ರ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ, ಇಡೀ ಭಾರ ಬೀಳುವುದು ಅಲ್ಲಿಗೇ. ಕೊಳ್ಳುವ ಮುನ್ನ ಕೂತು ತೂಗಿ: ಒಂದೇ ಕಡೆಗೆ ತೆವಳಿದರೆ ಪಟ್ಟಿಗಳ ಬಾಗು ಹೊಂದಿಲ್ಲ ಎಂದರ್ಥ. ನುಣುಪು ಟೈಲ್ಸ್ ಮೇಲೆ ಸರಿಯಾದ ಕುರ್ಚಿಯೂ ಜಾರುತ್ತದೆ, ಅಡಿಗೆ ಜಮಖಾನ ಹಾಸಿ.

ಮನೆಗೆ ತಂದಮೇಲೆ ಪಾಲಿಶ್ ಕೆರೆಸುವ ಉತ್ಸಾಹ ಬೇಡ. ಹಳೆಯದು ಬಹುಮಟ್ಟಿಗೆ ಅರಗಿನ ಪಾಲಿಶ್. ಕೆರೆದರೆ ಹಳತನವೂ ಅದರ ಜೊತೆಗೇ ಹೋಗುತ್ತದೆ. ಕೋಲಾರದ ಬಿರುಬೇಸಿಗೆಯಲ್ಲಿ ಬೆತ್ತ ಒಣಗಿ ಮುರಿಯದಂತೆ ಆಗಾಗ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಇನ್ನೊಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲಕಲೆಯ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ‘120 ವರ್ಷದ್ದು’ ಎಂದವರೇ ‘ಅಮೆರಿಕದಲ್ಲಿರುವ ಮಗನಿಗೂ ಪಾರ್ಸೆಲ್ ಮಾಡಿಕೊಡ್ತೀವಿ’ ಎಂದರೆ, ಎರಡರಲ್ಲಿ ಯಾವುದು ನಿಜ ಎಂದು ಅವರನ್ನೇ ಕೇಳಿ.