ಅಳಿಲಿಗೆ ಗೊತ್ತಿರುವ ಮಿದುಳಿನ ಗುಟ್ಟು

"ಡಾಕ್ಟ್ರೇ, ರಕ್ತನಾಳ ತೆರೆಯೋವರೆಗಾದ್ರೂ ಮಿದುಳು ಸಾಯದ ಹಾಗೆ ತಡೆಯೋಕೆ ಒಂದು ಇಂಜೆಕ್ಷನ್ ಇಲ್ವಾ?"

ಲಕ್ವ ಹೊಡೆದಿದ್ದ ಅಪ್ಪನನ್ನು ಒಳಗೆ ಕಳಿಸಿ ಬಾಗಿಲ ಬಳಿ ನಿಂತಿದ್ದ ಮಗ ಹೀಗೆ ಕೇಳಿದ. ಮನೆಯವರು ಸಾಮಾನ್ಯವಾಗಿ ಕೇಳುವುದು ಮಾತು ಬರುತ್ತಾ, ಕೈ ಬರುತ್ತಾ ಅಂತ. ಈತ ಕೇಳಿದ್ದು ನಮ್ಮಂಥ ನರವೈದ್ಯರ ತಲೆ ತಿನ್ನುತ್ತಿರುವ ಹಳೇ ಪ್ರಶ್ನೆ. ಖಾತ್ರಿಯಾಗಿ ಕೆಲಸ ಮಾಡುವಂಥದ್ದು ಇಲ್ಲಪ್ಪ ಅಂದೆ. ಅಳಿಲಿನ ಹತ್ತಿರ ಇದೆ ಅಂತ ಆ ಹೊತ್ತಲ್ಲಿ ಹೇಳೋಕಾಗುತ್ತಾ?

ಮಿದುಳಿನ ತೂಕ ದೇಹದ ಶೇ. 2ರಷ್ಟು. ಆದರೆ ಒಳಗೆ ಹೋದ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಕೂಡಿಡುವ ಅಭ್ಯಾಸವೂ ಇಲ್ಲ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು 2006ರ ಒಂದು ಲೆಕ್ಕ. ಸತ್ತ ಜಾಗದ ಸುತ್ತ ಇನ್ನೊಂದು ಭಾಗ ಇರುತ್ತದೆ. ಅಲ್ಲಿಗೆ ಅಲ್ಪಸ್ವಲ್ಪ ರಕ್ತ ಬರುತ್ತಿರುತ್ತದೆ. ಕೆಲಸ ನಿಂತಿದೆ, ಜೀವ ಇದೆ. ನಮ್ಮ ಓಟವೆಲ್ಲ ಅದನ್ನು ಉಳಿಸಿಕೊಳ್ಳೋಕೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಕೊಳವೆ ತೂರಿಸಿ ಹೆಪ್ಪು ಎಳೆಯುವುದನ್ನು ಕೆಲವರಲ್ಲಿ 24 ಗಂಟೆಯೊಳಗೂ ಮಾಡಬಹುದು.

ಈಗ ಅಳಿಲಿಗೆ ಬರೋಣ. ಉತ್ತರ ಅಮೆರಿಕದಲ್ಲಿ ಬೆನ್ನ ಮೇಲೆ ಹದಿಮೂರು ಗೆರೆಗಳಿರುವ ನೆಲದ ಅಳಿಲೊಂದಿದೆ. ಚಳಿಗಾಲವಿಡೀ ಬಿಲದಲ್ಲಿ ಮರಗಟ್ಟಿ ಮಲಗುತ್ತದೆ. ಮೈ ಬಿಸಿ ಕೆಲವೇ ಡಿಗ್ರಿಗೆ ಇಳಿಯುತ್ತದೆ, ಮಿದುಳಿಗೆ ಹೋಗುವ ರಕ್ತ ಹತ್ತರಲ್ಲೊಂದು ಪಾಲಾಗುತ್ತದೆ. ನಮಗಾದರೆ ಅಷ್ಟರಲ್ಲಿ ಕಥೆ ಮುಗಿದಿರುತ್ತಿತ್ತು. ಇದು ಎದ್ದು ಓಡಾಡುತ್ತದೆ!

ಚಳಿಯೇ ಕಾಪಾಡುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಮಲಗಿರುವ ಅಳಿಲಿನ ಮಿದುಳಿನ ತೆಳು ಚೂರುಗಳನ್ನು 36 ಡಿಗ್ರಿ ಬಿಸಿಯಲ್ಲೇ ಇಟ್ಟು, ಆಮ್ಲಜನಕ ಮತ್ತು ಗ್ಲೂಕೋಸ್ ಕೊಡದೆ ನೋಡಿದರು. ಆಗಲೂ ಅವು ಎಚ್ಚರವಿರುವ ಅಳಿಲಿನ ಚೂರುಗಳಿಗಿಂತ ಜಾಸ್ತಿ ತಾಳಿಕೊಂಡವು. ಅಂದರೆ ಕೋಶದ ಒಳಗೇ ಏನೋ ಬದಲಾಗಿದೆ.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜಾನ್ ಹ್ಯಾಲೆನ್‌ಬೆಕ್ ತಂಡಕ್ಕೆ ಒಂದು ಎಳೆ ಸಿಕ್ಕಿತು. ಮಲಗಿದ ಅಳಿಲಿನ ಮಿದುಳಲ್ಲಿ ಸುಮೋ ಅಂಟಿಕೊಂಡ ಪ್ರೊಟೀನ್‌ಗಳು ವಿಪರೀತ ಹೆಚ್ಚಿದ್ದವು. ಹೆಸರು ಕೇಳಿ ಜಪಾನಿನ ಜಟ್ಟಿ ನೆನಪಾದರೆ ತಪ್ಪಿಲ್ಲ. ಆದರೆ ಇದು ಸುಮಾರು ನೂರು ಅಮೈನೋ ಆಮ್ಲಗಳ ಪುಟಾಣಿ ಪ್ರೊಟೀನ್. ಪ್ರೊಟೀನ್ ತಯಾರಾದ ಮೇಲೂ ಕೋಶ ಅದನ್ನು ಸುಮ್ನೆ ಬಿಡುವುದಿಲ್ಲ. ಫಾಸ್ಫೇಟ್ ಅಂಟಿಸುತ್ತದೆ, ಸಕ್ಕರೆ ಅಂಟಿಸುತ್ತದೆ, ಕೆಲವೊಮ್ಮೆ ಇನ್ನೊಂದು ಪ್ರೊಟೀನನ್ನೇ ಅಂಟಿಸುತ್ತದೆ. ಉಬಿಕ್ವಿಟಿನ್ ಎಂಬುದು ಅಂಟಿದರೆ ಬಹಳ ಸಲ "ಇದನ್ನು ಒಡೆದುಹಾಕಿ" ಎಂದರ್ಥ. ಸುಮೋ ನೋಡೋಕೆ ಅದರ ತಮ್ಮನ ಹಾಗಿದೆ, ಹೇಳುವುದು ಬೇರೆ. ಪ್ರೊಟೀನ್ ಎಲ್ಲಿರಬೇಕು, ಯಾರ ಜೊತೆ ಸೇರಬೇಕು, ಎಷ್ಟು ದುಡಿಯಬೇಕು ಎಂಬುದನ್ನು ಅದು ಬದಲಿಸುತ್ತದೆ.

ನನಗೆ ಹಿಡಿಸಿದ್ದು ಇದರ ಸರಳತೆ. ಸುಮೋ ಅಂಟಿಸುವ ಮುಖ್ಯ ಕೊಂಡಿ ಯುಬಿಸಿ9 ಎಂಬ ಒಂದೇ ಕಿಣ್ವ. ಬಿಡಿಸುವುದಕ್ಕೆ ಸೆನ್ಪ್ ಎಂಬ ಕತ್ತರಿಗಳ ಗುಂಪಿದೆ. ಹಾಗಾಗಿ ಒಂದು ಕಡೆ ತಿರುಗಿಸಿದರೆ ನೂರಾರು ಪ್ರೊಟೀನ್‌ಗಳು ಒಟ್ಟಿಗೇ ಬದಲಾಗಬಹುದು, ವಾಪಸೂ ಬರಬಹುದು. ರಕ್ತ ನಿಂತಾಗ ಇಲಿಯ ಮಿದುಳಲ್ಲೂ ಸುಮೋ ತಾನಾಗಿಯೇ ಏರುತ್ತದೆ. ಯುಬಿಸಿ9 ಜಾಸ್ತಿ ಇರುವಂತೆ ಬೆಳೆಸಿದ ಇಲಿಗಳಲ್ಲಿ ಲಕ್ವದ ಗಾಯ ಚಿಕ್ಕದಾಗಿತ್ತು. ಸರಿ, ಕತ್ತರಿಯನ್ನು ತಡೆಯೋಣ ಅಂತ ಔಷಧಿ ಹುಡುಕಿದರು. 2017ರಲ್ಲಿ ಎದ್ದುಬಂದ ಹೆಸರು ಎಬ್ಸೆಲೆನ್. ತಮಾಷೆ ಅಂದರೆ, ಜಪಾನಿನಲ್ಲಿ 90ರ ದಶಕದಲ್ಲೇ ಬೇರೆ ಕಾರಣಕ್ಕೆ ಇದನ್ನು ಲಕ್ವದ ರೋಗಿಗಳಿಗೆ ಕೊಟ್ಟು ನೋಡಿದ್ದರು.

ಇಷ್ಟಕ್ಕೇ ಕುಣಿಯಬೇಡಿ. ಎಬ್ಸೆಲೆನ್ ಇನ್ನೂ ಹತ್ತಾರು ಪ್ರೊಟೀನ್‌ಗಳ ತಂಟೆಗೆ ಹೋಗುತ್ತದೆ. ಸುಮೋವನ್ನು ಬಹಳ ಕಾಲ ಏರಿಸಿಡುವುದೂ ನನಗೆ ಅಳುಕು ತರುತ್ತದೆ. ಕ್ಯಾನ್ಸರ್‌ಗಾಗಿ ಅದನ್ನು ಇಳಿಸುವ ಔಷಧಿಗಳ ಪರೀಕ್ಷೆಯೇ ನಡೆದಿದೆ ಅಲ್ವಾ? ಇಲಿ ನಂಬಿ ನಾವು ಮೊದಲೂ ಕೆಟ್ಟಿದ್ದೇವೆ. ಎನ್‌ಎಕ್ಸ್‌ವೈ-059 ಎಂಬ ಔಷಧಿ ಮೊದಲ ದೊಡ್ಡ ಪರೀಕ್ಷೆಯಲ್ಲಿ ಆಸೆ ಹುಟ್ಟಿಸಿ, 2007ರಲ್ಲಿ 3,000ಕ್ಕೂ ಹೆಚ್ಚು ರೋಗಿಗಳ ಎರಡನೇ ಪರೀಕ್ಷೆಯಲ್ಲಿ ಮಗುಚಿತು. ಪ್ರಯೋಗದ ಇಲಿ ಹೆಚ್ಚಾಗಿ ಎಳೆಯದು, ಗಟ್ಟಿಮುಟ್ಟಾದದ್ದು, ಔಷಧಿಯೂ ಬೇಗ ಸಿಗುತ್ತದೆ. ನಮ್ಮ ರೋಗಿಗೆ ಎಪ್ಪತ್ತು ವರ್ಷ, ಶುಗರ್, ಬಿಪಿ, ಬಂದದ್ದು ಮೂರು ಗಂಟೆ ತಡವಾಗಿ. ಮೇಲಾಗಿ ನಾಳವೇ ಕಟ್ಟಿದ್ದರೆ ಔಷಧಿ ಹೋಗೋದಾದರೂ ಯಾವ ದಾರಿಯಲ್ಲಿ?

ಅಳಿಲಿಗೆ ಇರುವ ಅನುಕೂಲ ಬೇರೆಯೇ. ಅದು ಮರಗಟ್ಟುವ ಹಾದಿಯಲ್ಲಿರುವಾಗಲೇ ಸುಮೋ ಏರತೊಡಗುತ್ತದೆ. ಲಕ್ವ ಹಾಗೆ ಹೇಳಿ ಬರುವುದಿಲ್ಲ. ಅದಕ್ಕೇ ನನ್ನನ್ನು ಕೇಳಿದರೆ, ಇಂಥ ಔಷಧಿಯನ್ನು ಮೊದಲು ನೋಡಬೇಕಾದದ್ದು ಲಕ್ವದ ವಾರ್ಡಿನಲ್ಲಲ್ಲ, ಹೃದಯದ ಮತ್ತು ಕುತ್ತಿಗೆಯ ರಕ್ತನಾಳದ ಆಪರೇಷನ್‌ಗಳಲ್ಲಿ. ಅಲ್ಲಿ ಮಿದುಳಿಗೆ ರಕ್ತ ಕಡಿಮೆಯಾಗುವ ಅಪಾಯ ಯಾವಾಗ ಅಂತ ಹಿಂದಿನ ದಿನವೇ ಗೊತ್ತಿರುತ್ತದೆ.